ಬೀರುವಿನೊಳಗಿನ ಸ್ಕ್ಯಾನಿಂಗ್ ಯಂತ್ರ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಯಲಹಂಕಕ್ಕೂ ಯಶವಂತಪುರಕ್ಕೂ ನಡುವೆ ಯಾವುದೋ ಅಡ್ಡರಸ್ತೆಯಲ್ಲಿರುವ ಐವತ್ತು ಹಾಸಿಗೆಯ ಆಸ್ಪತ್ರೆಗೆ ನೀವು ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್. ರೋಗಿಯ ಹಾಸಿಗೆಯ ಪಕ್ಕಕ್ಕೇ ಒಯ್ದು ನೋಡಬಹುದಾದ ಅಲ್ಟ್ರಾಸೌಂಡ್ ಯಂತ್ರ ನಿಮ್ಮ ಐಸಿಯುಗೆ ಬಂದಿದೆ. ಕಂಪನಿಯ ಇಂಗ್ಲಿಷ್ ಕೈಪಿಡಿ ದಪ್ಪಗಿದೆ, ಯಂತ್ರವನ್ನು ಆನ್ ಮಾಡುವ ಬಗೆಯನ್ನು ಚಿತ್ರಸಮೇತ ವಿವರಿಸಿದೆ. ಅದನ್ನು ಬೀರುವಿನಿಂದ ಹೊರಗೆ ತೆಗೆಯುವ ಬಗೆಯನ್ನು ಮಾತ್ರ ಎಲ್ಲೂ ಹೇಳಿಲ್ಲ. ಹಾಗಾಗಿ ಈ ಕೈಪಿಡಿ.

ಬೀಗ ತೆಗೆಯುವುದು

ಯಂತ್ರದ ಜೊತೆ ಇರಬೇಕಾದ ಸಾಮಾನು: ಪರದೆ ಒಂದು, ಪ್ರೋಬ್ ಎರಡು, ಜೆಲ್ ಬಾಟಲಿ ಒಂದು, ಚಾರ್ಜರ್ ಒಂದು, ಕಾಯ್ದೆ ಒಂದು. ಕೊನೆಯದನ್ನು ಕಂಪನಿಯವರು ಡಬ್ಬಿಯಲ್ಲಿ ಹಾಕಿ ಕೊಡುವುದಿಲ್ಲ, ಆದರೂ ಅದಿಲ್ಲದೆ ಯಂತ್ರ ನಡೆಯುವುದಿಲ್ಲ. ಭ್ರೂಣ ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರತಿ ಆಸ್ಪತ್ರೆಯಲ್ಲಿರಬೇಕು. ನೋಂದಣಿ ಪ್ರಮಾಣಪತ್ರ ಎದ್ದು ಕಾಣುವಂತೆ ಗೋಡೆಯ ಮೇಲಿರಬೇಕು. ಲಿಂಗ ತಿಳಿಸುವುದು ಅಪರಾಧವೆಂಬ ಫಲಕ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಇರಬೇಕು. ಯಂತ್ರ ಬದಲಾದರೂ ಬಳಸುವ ಡಾಕ್ಟರ್ ಬದಲಾದರೂ ಮುಂಚಿತವಾಗಿ ಪ್ರಾಧಿಕಾರಕ್ಕೆ ತಿಳಿಸಬೇಕು. ನೀವು ನೋಡಹೊರಟಿರುವುದು ಎಪ್ಪತ್ತು ದಾಟಿದ ಅಜ್ಜನೊಬ್ಬರ ಮೂತ್ರಕೋಶವಾದರೂ ಈ ಫಲಕದ ಕೆಳಗೇ ನೋಡಬೇಕು.

ಪೋರ್ಟಬಲ್ ಎಂಬ ಹೆಸರನ್ನು ನಂಬಿ ಮೋಸಹೋಗಬೇಡಿ. 2012ರ ತಿದ್ದುಪಡಿಯ ಮೇಲೆ ಇಂಥ ಯಂತ್ರ ನೋಂದಣಿಯಾದ ಆಸ್ಪತ್ರೆಯ ಆವರಣ ದಾಟುವಂತಿಲ್ಲ, ಸಂಚಾರಿ ಆರೋಗ್ಯ ಘಟಕದಲ್ಲಿ ನೋಂದಣಿಯಾಗಿದ್ದರೆ ಆ ಮಾತು ಬೇರೆ. ಯಶವಂತಪುರದ ಶಾಖೆಯ ಯಂತ್ರವನ್ನು ಒಂದು ರಾತ್ರಿಯ ಮಟ್ಟಿಗೆ ಯಲಹಂಕದ ಶಾಖೆಗೆ ಆಟೋದಲ್ಲಿ ಕಳಿಸಿಕೊಡಿ ಎಂದು ಕೇಳುವ ಯೋಚನೆ ಬಂದರೆ ಅಲ್ಲೇ ಬಿಡಿ. ಕಾಯ್ದೆ ಮೀರಿದರೆ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು.

ಇಷ್ಟು ಓದಿ ಗೊಣಗುವ ಮುನ್ನ 2023ರ ಕೊನೆಯ ತಿಂಗಳುಗಳನ್ನು ನೆನಪಿಸಿಕೊಳ್ಳಿ. ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆ ಜಾಲದಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಆಸ್ಪತ್ರೆಯಲ್ಲಲ್ಲ, ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ. ಬೆಲ್ಲ ಕಾಯಿಸುವ ಕಡೆಗೂ ಹೊತ್ತೊಯ್ಯಬಹುದಾದಷ್ಟು ಹಗುರ ಎಂಬ ಗುಣವೇ ಅದೇ ಯಂತ್ರವನ್ನು ನಿಮ್ಮ ಐಸಿಯುನ ಮೂರನೇ ಹಾಸಿಗೆಗೂ ತಲುಪಿಸುವುದು. ಆದ್ದರಿಂದ ಕಾಯ್ದೆಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬೀಗದ ಮೇಲೆ. ಕಾಯ್ದೆ ಕೇಳುವುದು ನೋಂದಣಿ ಮತ್ತು ಲೆಕ್ಕ. ಬೀಗ ಆಡಳಿತ ಕಚೇರಿಯ ಸ್ವಂತ ಸೇರ್ಪಡೆ. ಅದರ ಫಲವಾಗಿ ರಾತ್ರಿ ಎರಡಕ್ಕೆ ನಡೆಯುವ ಸಂಭಾಷಣೆ ಹೀಗಿರುತ್ತದೆ:

“ಸಿಸ್ಟರ್, ಸ್ಕ್ಯಾನಿಂಗ್ ಮೆಷಿನ್ ಕೊಡಿ.”
“ಕೀ ಟೆಕ್ನಿಷಿಯನ್ ಹತ್ರ ಇದೆ ಸಾರ್.”
“ಟೆಕ್ನಿಷಿಯನ್ ಎಲ್ಲಿ?”
“ವಿದ್ಯಾರಣ್ಯಪುರದಲ್ಲಿ ಸಾರ್. ಮನೇಲಿ.”

ಪರಿಹಾರ: ಕೀ ಐಸಿಯು ಸಿಸ್ಟರ್ ಬಳಿ ಇರಲಿ, ಅದರ ಜೊತೆ ಒಂದು ರಿಜಿಸ್ಟರ್. ತೆಗೆದ ಹೊತ್ತು, ತೆಗೆದವರ ಹೆಸರು, ಯಾವ ಹಾಸಿಗೆ, ಏಕೆ, ವಾಪಸಿಟ್ಟ ಹೊತ್ತು. ಗರ್ಭಿಣಿಯಾದರೆ ಕಾಯ್ದೆಯ ಫಾರಂ ಎಫ್. ನಾಳೆ ತಪಾಸಣೆಗೆ ಬಂದವರ ಮುಂದೆ ಹಿಡಿಯಲು ಬೀಗಕ್ಕಿಂತ ಆ ಪುಸ್ತಕ ಗಟ್ಟಿ.

ಆನ್ ಮಾಡುವ ಮೊದಲು

ಪ್ರಶ್ನೆಯೊಂದನ್ನು ಆರಿಸಿಕೊಳ್ಳಿ. ಒಂದೇ. ಹೌದು ಅಥವಾ ಅಲ್ಲ ಎಂಬ ಉತ್ತರ ಬರುವಂಥದ್ದು. ಹೊಟ್ಟೆಯಲ್ಲಿ ರಕ್ತ ನಿಂತಿದೆಯೇ? ಹೃದಯದ ಸುತ್ತ ನೀರಿದೆಯೇ? ಮೂತ್ರಕೋಶ ತುಂಬಿದೆಯೇ? “ಸುಮ್ನೆ ಒಂದ್ಸಲ ಹೊಟ್ಟೆ ನೋಡೋಣ” ಎಂಬುದು ಪ್ರಶ್ನೆಯಲ್ಲ. ಹಾಗೆ ನೋಡುವವರಿಗೆ ರೇಡಿಯಾಲಜಿಸ್ಟ್ ಎಂಬ ಹೆಸರಿದೆ, ಅವರಿಗೆ ಅರ್ಧ ಗಂಟೆಯ ಸಮಯವಿದೆ, ಕತ್ತಲೆಯ ಕೋಣೆಯಿದೆ, ವರ್ಷಗಳ ಓದಿದೆ. ಎಂ.ಎಸ್. ರಾಮಯ್ಯದಂಥ ಬೋಧನಾ ಆಸ್ಪತ್ರೆಯಾದರೆ ಬೆನ್ನ ಹಿಂದೆ ನಿಂತು ಕೈ ತಿದ್ದುವ ಹಿರಿಯರಿರುತ್ತಾರೆ. ನಿಮ್ಮ ಬೆನ್ನ ಹಿಂದೆ ಇರುವುದು ಪೇಶೆಂಟ್ ಕಡೆಯವರು.

ಬಾಗಿದ ಮೂತಿಯ ಪ್ರೋಬ್ ಹೊಟ್ಟೆಗೆ, ಆಳಕ್ಕೆ. ನೇರ ಮೂತಿಯದು ಚರ್ಮದ ಕೆಳಗೇ ಇರುವ ರಕ್ತನಾಳ, ನರಗಳಿಗೆ. ಜೆಲ್ಲಿನಲ್ಲಿ ಜಿಪುಣತನ ಬೇಡ, ಪ್ರೋಬಿಗೂ ಚರ್ಮಕ್ಕೂ ನಡುವೆ ಗಾಳಿ ಉಳಿದರೆ ಶಬ್ದ ಅಲ್ಲೇ ತಿರುಗಿ ಬರುತ್ತದೆ. ಹಚ್ಚುವ ಮುನ್ನ “ಸ್ವಲ್ಪ ತಣ್ಣಗಿರುತ್ತೆ ಅಜ್ಜಿ” ಎನ್ನಿ. ಪ್ರೋಬಿನ ಒಂದು ಪಕ್ಕದಲ್ಲಿ ಗುರುತಿದೆ. ಅದು ಪರದೆಯ ಎಡಕ್ಕೆ ಹೊಂದುತ್ತದೆ, ಹೃದಯದ ಸೆಟ್ಟಿಂಗಿನಲ್ಲಿ ಮಾತ್ರ ಬಲಕ್ಕೆ. ಏಕೆ ಎಂದು ಹೃದ್ರೋಗ ತಜ್ಞರನ್ನು ಕೇಳಬೇಡಿ, ಹೊತ್ತು ಹೋಗುತ್ತದೆ.

ಕುತ್ತಿಗೆಗೆ ಸೂಜಿ ಹಾಕುವುದು

ಈ ಕೈಪಿಡಿಯಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಬಿಪಿ ಬಿದ್ದ ರೋಗಿಗೆ ಸೆಂಟ್ರಲ್ ಲೈನ್ ಬೇಕು. ಹಳೆಯ ಪದ್ಧತಿಯಲ್ಲಿ ಕುತ್ತಿಗೆಯ ಸ್ನಾಯುಗಳ ತ್ರಿಕೋನ ಹುಡುಕಿ, ಕೆರೋಟಿಡ್ ಮಿಡಿತವನ್ನು ಬೆರಳಿನಲ್ಲಿ ಹಿಡಿದು, ಜುಗುಲರ್ ವೇನ್ ಅದರ ಹೊರಗೆ ಇದ್ದೀತೆಂದು ಸೂಜಿ ಹಾಕುತ್ತಿದ್ದರು. ಹೆಚ್ಚಿನ ಸಲ ಇರುತ್ತಿತ್ತು. ಇಲ್ಲದ ದಿನ ಸೂಜಿ ಕೆರೋಟಿಡ್‌ಗೆ ಹೋಗುತ್ತಿತ್ತು, ಇಲ್ಲವೇ ಶ್ವಾಸಕೋಶದ ತುದಿಗೆ. ಅಮೆರಿಕದ ಎಎಚ್‌ಆರ್‌ಕ್ಯೂ ಸಂಸ್ಥೆಗಾಗಿ 2001ರಲ್ಲಿ ತಯಾರಾದ ವರದಿ ರೋಗಿಗಳ ಸುರಕ್ಷತೆಯ 79 ಕ್ರಮಗಳನ್ನು ಪರಿಶೀಲಿಸಿ, ಪುರಾವೆ ಗಟ್ಟಿಯಾಗಿರುವ 11ನ್ನು ಮೇಲಿಟ್ಟಿತು. ಸೆಂಟ್ರಲ್ ಲೈನ್ ಹಾಕುವಾಗ ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಹಾಕುವುದು ಆ 11ರಲ್ಲೊಂದು. ಮರುವರ್ಷ ಬ್ರಿಟನ್ನಿನ ನೈಸ್ ಸಂಸ್ಥೆಯೂ ಅದನ್ನೇ ಹೇಳಿತು. ಹೆಬ್ಬಾಳದ ಫ್ಲೈಓವರ್ ಸಂಚಾರಕ್ಕೆ ತೆರೆಯುವ ಮೊದಲಿನ ಮಾತು ಇದು. “ನಾನು ಕಣ್ಣುಮುಚ್ಚಿ ಹಾಕ್ತೀನಿ” ಎಂದು ಇವತ್ತಿಗೂ ಹೇಳುವ ಸೀನಿಯರ್ ನಿಮಗೆ ಸಿಕ್ಕೇ ಸಿಗುತ್ತಾರೆ. ಅವರ ಕೈ ನಿಜಕ್ಕೂ ಚೆನ್ನಾಗಿರುತ್ತದೆ, ಅಲ್ಲೇ ತೊಡಕಿರುವುದು. ಅವರ ಮಾತು ಕೇಳಿಸಿಕೊಳ್ಳುವ ನಿಮ್ಮ ಕೈ ಇನ್ನೂ ಅಷ್ಟು ಚೆನ್ನಾಗಿಲ್ಲ.

ಪ್ರೋಬ್ ಇಟ್ಟೊಡನೆ ಎರಡು ಕಪ್ಪು ವೃತ್ತಗಳು ಕಾಣುತ್ತವೆ. ಮೆಲ್ಲಗೆ ಒತ್ತಿ. ಅಪ್ಪಚ್ಚಿಯಾಗುವುದು ವೇನ್. ಒತ್ತಿದರೂ ದುಂಡಗೇ ಉಳಿದು ಮಿಡಿಯುವುದು ಕೆರೋಟಿಡ್, ಅದರ ತಂಟೆಗೆ ಹೋಗಬೇಡಿ. ಒತ್ತಿದರೂ ವೇನ್ ಮುಚ್ಚದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಆ ಪಕ್ಕ ಬಿಡಿ. ಇದಿಷ್ಟನ್ನೂ ಕೈಗೆ ಗ್ಲೌಸ್ ಹಾಕುವ ಮುನ್ನವೇ, ಎರಡೂ ಪಕ್ಕ ನೋಡಿ ಮುಗಿಸಿ.

ಇನ್ನು ಯಂತ್ರವೇ ಒಡ್ಡುವ ಅಪಾಯ. ಪರದೆಯ ಮೇಲೆ ಬಿಳಿ ಚುಕ್ಕೆ ಕಂಡಾಗ ಅದು ಸೂಜಿಯ ತುದಿ ಎಂದು ಮನಸ್ಸು ಒಪ್ಪಿಬಿಡುತ್ತದೆ. ಅಡ್ಡಲಾಗಿ ನೋಡುವಾಗ ಅದು ಸೂಜಿಯ ನಡುಭಾಗವಾಗಿರಬಹುದು. ತುದಿ ಆಗಲೇ ವೇನಿನ ಹಿಂದಿನ ಗೋಡೆಯನ್ನೂ ದಾಟಿ ಕೆರೋಟಿಡ್‌ನ ಬಾಗಿಲಲ್ಲಿರಬಹುದು. ಸೂಜಿ ಮುಂದಕ್ಕೆ ಹೋದಷ್ಟೂ ಪ್ರೋಬನ್ನೂ ಮುಂದಕ್ಕೆ ಸರಿಸಿ, ಚುಕ್ಕೆ ಮಾಯವಾಗಿ ಮತ್ತೆ ಕಾಣುವ ಜಾಗದಲ್ಲಿ ತುದಿಯನ್ನು ಹಿಡಿಯಿರಿ. ಗೈಡ್ ವೈರ್ ಹಾಕಿದ ಮೇಲೆ ಡೈಲೇಟರ್ ಕೈಗೆತ್ತಿಕೊಳ್ಳುವ ಮುನ್ನ ಪ್ರೋಬನ್ನು ಉದ್ದಕ್ಕೆ ತಿರುಗಿಸಿ, ವೈರ್ ವೇನಿನ ಒಳಗೇ ಇದೆಯೆಂದು ಕಣ್ಣಾರೆ ನೋಡಿ. ಕೆರೋಟಿಡ್‌ಗೆ ಸೂಜಿ ತಾಗಿದರೆ ಹೊರತೆಗೆದು ಒತ್ತಿ ಹಿಡಿಯಬಹುದು. ಡೈಲೇಟರ್ ಹೋದರೆ ವ್ಯಾಸ್ಕುಲರ್ ಸರ್ಜನ್ ಬರಬೇಕು. ಅವರು ಹೆಬ್ಬಾಳದ ಆಚೆ ಇರುತ್ತಾರೆ, ನೀವು ಈಚೆ.

ಲೈನ್ ಹಾಕಿ ಮುಗಿದ ಮೇಲೆ ಅದೇ ಪ್ರೋಬನ್ನು ಎದೆಯ ಮೇಲಿಡಿ. ಎರಡು ಪಕ್ಕೆಲುಬುಗಳ ನಡುವೆ ಬಿಳಿ ಗೆರೆಯೊಂದು ಉಸಿರಿನ ಲಯದಲ್ಲಿ ಇರುವೆಸಾಲು ಹರಿದಂತೆ ಮಿನುಗಬೇಕು. ಮಿನುಗಿದರೆ ಆ ಜಾಗದಲ್ಲಿ ಶ್ವಾಸಕೋಶ ಎದೆಗೋಡೆಗೆ ತಾಗಿಕೊಂಡೇ ಜಾರುತ್ತಿದೆ. ಎಂ-ಮೋಡಿಗೆ ಹಾಕಿದರೆ ಕಾಣುವ ಚಿತ್ರಕ್ಕೆ ಪಾಠಪುಸ್ತಕಗಳು ಸಮುದ್ರತೀರ ಎಂದು ಹೆಸರಿಟ್ಟಿವೆ. ಯಲಹಂಕದಲ್ಲಿ ಬೆಳೆದವರು ಕೆರೆದಂಡೆ ಎಂದುಕೊಂಡರೂ ನಡೆದೀತು.

ಗೆರೆ ಮಿನುಗದಿದ್ದರೆ ಶ್ವಾಸಕೋಶದ ಸುತ್ತ ಗಾಳಿ ಸೇರಿದೆಯೆಂದೇ ತಿಳಿದು ಎದೆಗೆ ಸೂಜಿ ಚುಚ್ಚಲು ಓಡಬೇಡಿ. ಹಳೆಯ ಟಿಬಿಯಿಂದ ಶ್ವಾಸಕೋಶ ಅಂಟಿಕೊಂಡಿರಬಹುದು. ವೆಂಟಿಲೇಟರಿನ ಟ್ಯೂಬ್ ಒಳಕ್ಕೆ ಜಾಸ್ತಿ ಹೋಗಿ ಬಲಗಡೆಯ ಶ್ವಾಸಕೋಶಕ್ಕೆ ಮಾತ್ರ ಗಾಳಿ ಹೋಗುತ್ತಿರಬಹುದು. ಆಗ ಎಡಗಡೆ ಮಿನುಗುವುದಿಲ್ಲ, ಅಲ್ಲಿ ಬೇಕಾದುದು ಚೆಸ್ಟ್ ಡ್ರೇನ್ ಅಲ್ಲ, ಟ್ಯೂಬನ್ನು ಎರಡು ಸೆಂಟಿಮೀಟರ್ ಹಿಂದಕ್ಕೆಳೆಯುವ ಸಿಸ್ಟರ್. ಪರದೆ ನೋಡುವ ಮುನ್ನ ಟ್ಯೂಬಿನ ಮೇಲಿನ ಅಂಕಿ ನೋಡಿ.

ಬಳ್ಳಾರಿ ರಸ್ತೆಯಿಂದ ಬಂದವರು

ಬೈಕಿನಿಂದ ಬಿದ್ದವರು ಕ್ಯಾಶುವಾಲ್ಟಿಗೆ ಬಂದಾಗ ನೋಡಬೇಕಾದುದು ನಾಲ್ಕು ಕಡೆ: ಬಲಕ್ಕೆ ಯಕೃತ್ತು ಮತ್ತು ಮೂತ್ರಪಿಂಡದ ನಡುವೆ, ಎಡಕ್ಕೆ ಗುಲ್ಮದ ಸುತ್ತ, ಕೆಳಹೊಟ್ಟೆಯಲ್ಲಿ ಮೂತ್ರಕೋಶದ ಹಿಂದೆ, ಹೃದಯದ ಸುತ್ತ. ಇದಕ್ಕೆ ಫಾಸ್ಟ್ ಎನ್ನುತ್ತಾರೆ, ಎರಡು ಮೂರು ನಿಮಿಷದ ಕೆಲಸ. ಕಪ್ಪು ಪಟ್ಟಿ ಕಂಡು, ಬಿಪಿಯೂ ಬೀಳುತ್ತಿದ್ದರೆ ಸಿಟಿ ಸ್ಕ್ಯಾನಿಗೆ ಕಾಯಬೇಡಿ, ಸರ್ಜನ್‌ಗೆ ಫೋನ್ ಮಾಡಿ. ಕಾಣದಿದ್ದರೆ ಕೇಸ್ ಶೀಟಿನಲ್ಲಿ “ರಕ್ತಸ್ರಾವ ಇಲ್ಲ” ಎಂದು ಬರೆಯಬೇಡಿ. ಸ್ವಲ್ಪ ರಕ್ತ ಈ ಯಂತ್ರಕ್ಕೆ ಕಾಣುವುದಿಲ್ಲ, ಬೆನ್ನ ಕಡೆ ಸೋರುವುದಂತೂ ಕಾಣುವುದೇ ಇಲ್ಲ. ನೋಡಿದ ಹೊತ್ತು ಬರೆದು, ಮತ್ತೆ ಯಾವಾಗ ನೋಡಬೇಕೆಂಬುದನ್ನೂ ಬರೆಯಿರಿ.

ಡೆಂಗಿ ಕಾಲ

ಮಳೆ ಶುರುವಾದ ಮೇಲೆ ಆರ್‌.ಟಿ. ನಗರದ ಯಾವ ಕ್ಲಿನಿಕ್ಕಿಗೆ ಹೋದರೂ ಬೆಂಚಿನ ಮೇಲೆ ಜಾಗವಿರುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಅಧಿಸೂಚಿಸಿತು. ಮನೆಯವರು ಪ್ಲೇಟ್‌ಲೆಟ್ ಎಷ್ಟೆಂದು ಗಂಟೆಗೊಮ್ಮೆ ಕೇಳುತ್ತಾರೆ. ಪ್ರಾಣಕ್ಕೆ ಬರುವುದು ಬಹಳ ಸಲ ಬೇರೆಯೇ: ರಕ್ತನಾಳದಿಂದ ದ್ರವ ಸೋರಿ ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ನಿಲ್ಲುವುದು. ಅದು ಈ ಯಂತ್ರಕ್ಕೆ ಎಕ್ಸ್‌-ರೇಗಿಂತ ಮೊದಲೇ ಕಾಣುತ್ತದೆ. ಪಿತ್ತಕೋಶದ ಗೋಡೆಯೂ ದಪ್ಪಗಾಗಿ ಕಾಣುತ್ತದೆ. ಅದನ್ನು ಪಿತ್ತಕೋಶದ ಸೋಂಕೆಂದು ತಿಳಿದು ಸರ್ಜನ್ನರ ಕೈಗೆ ಒಪ್ಪಿಸಬೇಡಿ. ಪ್ಲೇಟ್‌ಲೆಟ್ ಇಪ್ಪತ್ತು ಸಾವಿರವಿರುವ ಹೊಟ್ಟೆಗೆ ಕತ್ತರಿ ಹಾಕುವುದನ್ನು ಯಾರೂ ಬಯಸುವುದಿಲ್ಲ.

ಸೋರುವುದು ನಿಂತ ಮೇಲೆ ಆ ದ್ರವ ತಾನಾಗಿ ರಕ್ತಕ್ಕೆ ವಾಪಸ್ ಬರುತ್ತದೆ. ರೋಗಿ ಸುಧಾರಿಸುತ್ತಿರುವ ಆ ಹೊತ್ತಿನಲ್ಲೇ “ಇನ್ನೂ ಸುಸ್ತು ಸಾರ್, ಇನ್ನೊಂದು ಗ್ಲುಕೋಸ್ ಹಾಕ್ಬಿಡಿ” ಎಂಬ ಬೇಡಿಕೆ ಬರುತ್ತದೆ. ಹಾಕುವ ಮುನ್ನ ಎದೆಯ ಮೇಲೆ ಪ್ರೋಬ್ ಇಡಿ. ಮೇಲಿಂದ ಕೆಳಕ್ಕೆ ಪರದೆಯುದ್ದಕ್ಕೂ ಇಳಿಯುವ ಬಿಳಿ ಗೆರೆಗಳು, ಅಂದರೆ ಬಿ-ಲೈನುಗಳು, ಎರಡೂ ಪಕ್ಕದಲ್ಲಿ ತುಂಬಿಕೊಂಡಿದ್ದರೆ ಶ್ವಾಸಕೋಶ ಆಗಲೇ ಒದ್ದೆಯಾಗಿದೆ. ಡ್ರಿಪ್ ನಿಲ್ಲಿಸಿ. ನಿಲ್ಲಿಸಿದ್ದಕ್ಕೆ ಜಗಳ ಬರುತ್ತದೆ, ಆಗ ಪರದೆಯನ್ನು ಮನೆಯವರ ಕಡೆ ತಿರುಗಿಸಿ ಆ ಗೆರೆಗಳನ್ನು ತೋರಿಸಿ. ಮಾತಿಗೆ ಒಪ್ಪದವರು ಚಿತ್ರಕ್ಕೆ ಒಪ್ಪುವುದುಂಟು.

ಶುಚಿತ್ವ

ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ಯಂತ್ರ ಒಂದರ ಸೋಂಕನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ. ಪ್ರೋಬನ್ನಷ್ಟೇ ಅಲ್ಲ, ವೈರನ್ನೂ ಬಟನ್ನುಗಳನ್ನೂ ಒರೆಸಿ. ಸೂಜಿಯ ಕೆಲಸಕ್ಕೆ ಸ್ಟೆರೈಲ್ ಕವರ್, ಸ್ಟೆರೈಲ್ ಜೆಲ್. ಖಾಲಿಯಾದ ಹಳೆಯ ಬಾಟಲಿಗೆ ದೊಡ್ಡ ಕ್ಯಾನಿನಿಂದ ಜೆಲ್ ತುಂಬಿಸುವ ಉಳಿತಾಯ ಬೇಡ. ಬರ್ಕೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾ ಜೆಲ್ಲಿನ ದಾರಿಯಲ್ಲೇ ಹಲವು ಆಸ್ಪತ್ರೆಗಳ ಐಸಿಯು ಹೊಕ್ಕಿದೆ.

ದೋಷ ನಿವಾರಣೆ

ಏನೂ ಕಾಣುತ್ತಿಲ್ಲ: ಜೆಲ್ ಸಾಲದು. ಅದಲ್ಲದಿದ್ದರೆ ಡೆಪ್ತ್ ತಪ್ಪಾಗಿದೆ. ಅದೂ ಅಲ್ಲದಿದ್ದರೆ ಗ್ಯಾಸ್, ರೋಗಿಯದು.

ಎಲ್ಲವೂ ಕಾಣುತ್ತಿದೆ: ಇದು ಹೆಚ್ಚು ಅಪಾಯದ ಸ್ಥಿತಿ. ಕಲಿಕೆಯ ಎರಡನೇ ತಿಂಗಳಲ್ಲಿ ಬರುತ್ತದೆ. ಚಿತ್ರವನ್ನು ಸೇವ್ ಮಾಡಿ, ಬೆಳಗ್ಗೆ ರೇಡಿಯಾಲಜಿಸ್ಟರಿಗೆ ತೋರಿಸಿ, ಅವರು ನಗುವುದನ್ನು ಸಹಿಸಿಕೊಳ್ಳಿ.

“ರಿಪೋರ್ಟ್ ಕೊಡಲ್ವಾ ಸಾರ್? ಫಿಲಂ?”: ಕೊಡುವುದಿಲ್ಲ. ಇದು ಒಂದು ಪ್ರಶ್ನೆಗೆ ನೋಡಿದ್ದು, ಪೂರ್ತಿ ಸ್ಕ್ಯಾನಿಂಗ್ ನಾಳೆ ಆಗುತ್ತದೆ ಎಂದು ಹೇಳಿ. ಆದರೆ ಕಂಡದ್ದನ್ನು ಕೇಸ್ ಶೀಟಿನಲ್ಲಿ ಬರೆಯದೆ ಮನೆಗೆ ಹೋಗಬೇಡಿ. ಬೆಳಗಿನ ಪಾಳಿಯವರಿಗೆ ನಿಮ್ಮ ಕಣ್ಣು ಸಿಗುವುದಿಲ್ಲ, ಕಾಗದವಷ್ಟೇ ಸಿಗುತ್ತದೆ.

ಯಂತ್ರ ಆನ್ ಆಗುತ್ತಿಲ್ಲ: ಬ್ಯಾಟರಿ ಮುಗಿದಿದೆ. ಚಾರ್ಜರಿನ ಪ್ಲಗ್ ಕಿತ್ತು ಯಾರೋ ಮೊಬೈಲ್ ಹಾಕಿದ್ದಾರೆ. ಸಿಸ್ಟರನ್ನು ಬೈಯುವ ಮುನ್ನ ಮೊಬೈಲ್ ನೋಡಿ, ಹೆಚ್ಚಿನ ಸಲ ಅದು ನಿಮ್ಮದೇ ಆಗಿರುತ್ತದೆ.