ಎರಡಕ್ಷರದ ಹಿಂಬರಹ

ಗೆ,
ದೋಷಸಂಕೇತ ರಚನಾಕಾರರು,
ಬಟ್ಟೆ ಒಗೆಯುವ ಯಂತ್ರಗಳ ವಿನ್ಯಾಸ ವಿಭಾಗ,
ಸಮಸ್ತ ಕಂಪನಿಗಳು.

ಇಂದ,
ಅರ್ಜಿದಾರರು,
ಮೇಲಿನ ಮಹಡಿ, ಬೆಂಗಳೂರು.

ವಿಷಯ: ಎರಡಕ್ಷರದ ಅರ್ಥ ತಿಳಿಯಲು ವಿಸಿಟಿಂಗ್ ಚಾರ್ಜು ತೆರಬೇಕಾಗಿ ಬಂದ ಬಗ್ಗೆ.

ಮಾನ್ಯರೇ,

ವಾಷಿಂಗ್ ಮೆಷಿನ್ ಅರ್ಧದಲ್ಲಿ ನಿಂತಾಗ ಅದರ ಪುಟ್ಟ ಕಿಟಕಿಯಲ್ಲಿ ಮಿನುಗುವ ಎರಡು ಮೂರು ಅಕ್ಷರಗಳಿಗೆ ದೋಷಸಂಕೇತವೆಂದು ಹೆಸರು. ನೀರಿನ ಮಟ್ಟ, ಉಷ್ಣತೆ, ಬಾಗಿಲಿನ ಬೀಗ, ಮೋಟಾರಿನ ವೇಗ ಮುಂತಾದವನ್ನು ಅಳೆದು ನಿಯಂತ್ರಣ ಬೋರ್ಡಿಗೆ ವರದಿ ಮಾಡುವ ಬಿಡಿಭಾಗಗಳನ್ನು ಸಂವೇದಕಗಳೆನ್ನುತ್ತಾರೆ. ಅವುಗಳಲ್ಲಿ ಯಾವುದಾದರೊಂದು ಗೊತ್ತುಪಡಿಸಿದ ಹೊತ್ತಿನೊಳಗೆ ಗೊತ್ತುಪಡಿಸಿದ ಉತ್ತರ ಕೊಡದೆ ಹೋದರೆ ಬೋರ್ಡು ಕೆಲಸ ನಿಲ್ಲಿಸಿ ಸಂಕೇತವನ್ನು ಹೊರಗೆ ತೂಗುಹಾಕುತ್ತದೆ. ಈ ವ್ಯವಸ್ಥೆಯಲ್ಲಿ ವಿಭಾಗವು ತೋರಿರುವ ಮಿತಭಾಷಿತ್ವವನ್ನು ಅರ್ಜಿದಾರರು ಮೊದಲಿಗೆ ಮೆಚ್ಚಿ ದಾಖಲಿಸಬಯಸುತ್ತಾರೆ. ತಾಲ್ಲೂಕು ಕಚೇರಿಯಿಂದ ಮರಳಿ ಬರುವ ಅರ್ಜಿಯ ಮೇಲೂ "ದಾಖಲೆ ಸಾಲದು, ಪರಿಶೀಲಿಸಿ ಸಲ್ಲಿಸುವುದು" ಎಂಬಷ್ಟು ಹಿಂಬರಹ ಇರುತ್ತದೆ. ವಿಭಾಗದ ಹಿಂಬರಹಕ್ಕೆ ಎರಡಕ್ಷರ ಸಾಕಾಗಿದೆ, ಮೂರನೆಯ ಅಕ್ಷರ ಬೇಕೆಂದವರಿಗೆ ವಿಸಿಟಿಂಗ್ ಚಾರ್ಜು ಬೀಳುತ್ತದೆ.

ಈ ಜಿಪುಣತನಕ್ಕೆ ಒಂದು ಹಳೆಯ ಕಾರಣವಿರುವುದನ್ನು ಅಲ್ಲಗಳೆಯಲಾಗದು. ಅಗ್ಗದ ಅಂಕಿಫಲಕದ ಪ್ರತಿಯೊಂದು ಮನೆಯಲ್ಲಿ ಏಳು ಗೀಟುಗಳಷ್ಟೇ ಇದ್ದು, ಅವನ್ನು ಹೊತ್ತಿಸಿ ಆರಿಸಿ 0ಯಿಂದ 9ರವರೆಗೆ ಬರೆಯಬಹುದೇ ಹೊರತು ಇಂಗ್ಲಿಷಿನ ಕೆ, ಎಂ, ಡಬ್ಲ್ಯೂ, ಎಕ್ಸ್‌ಗಳನ್ನು ಗುರುತು ಸಿಗುವಂತೆ ಬರೆಯಲು ಬರುವುದಿಲ್ಲ, ಎಸ್ ಅಕ್ಷರಕ್ಕೂ 5 ಎಂಬ ಅಂಕಿಗೂ ಅಲ್ಲಿ ಭೇದವೇ ಇಲ್ಲ. ಒಗೆದ ನೀರು ಹೊರಹೋಗದಿದ್ದಾಗ ಸ್ಯಾಮ್‌ಸಂಗ್ ಯಂತ್ರಗಳು ತೋರಿಸುವ 5ಇ ಎಂಬುದನ್ನು ಎಸ್‌ಇ ಎಂದು ಓದಿಕೊಂಡು ಕೈಪಿಡಿಯಲ್ಲಿ ಹುಡುಕುವವರ ತಪ್ಪು ಅದರಲ್ಲಿ ಏನೂ ಇಲ್ಲ. ಅದೇ ದೋಷಕ್ಕೆ ಎಲ್‌ಜಿ ಓಇ ಎನ್ನುತ್ತದೆ, ಬಾಷ್‌ನ ಹಲವು ಮಾದರಿಗಳು ಇ18 ಎನ್ನುತ್ತವೆ. ಕಟ್ಟಿಕೊಂಡಿರುವುದು ಮಾತ್ರ ಎಲ್ಲ ಕಡೆಯೂ ಅದೇ ಪಂಪು, ಅದೇ ಜೇಬಿನ ಚಿಲ್ಲರೆ. ಅಮೆರಿಕದಲ್ಲಿ 1996ರ ಮಾದರಿವರ್ಷದಿಂದ ಎಲ್ಲ ಕಾರುಗಳಿಗೂ ಒಂದೇ ಬಗೆಯ ದೋಷಸಂಕೇತಗಳು ಕಡ್ಡಾಯವಾಗಿದ್ದು, ಪಿ0300 ಎಂದರೆ ಯಾವ ಕಂಪನಿಯ ಕಾರಿನಲ್ಲೂ ಇಂಜಿನ್ನು ಸರಿಯಾಗಿ ಉರಿಯುತ್ತಿಲ್ಲವೆಂದೇ ಅರ್ಥ. ಇಂಜಿನ್ನಿಗೆ ಸಾಧ್ಯವಾದದ್ದು ಸೋಪಿನ ನೀರಿಗೆ ಸಾಧ್ಯವಾಗದೆ ಇರಲು ಏನಡ್ಡಿಯೆಂಬುದನ್ನು ವಿಭಾಗವೇ ಬಲ್ಲದು.

ಸಾಧಾರಣ ಸಂಕೇತಗಳ ಬಗ್ಗೆ ಹೆಚ್ಚಿನ ದೂರಿಲ್ಲ. ನೀರು ಹೊರಹೋಗದಿದ್ದರೆ ಯಂತ್ರದ ಕೆಳಮೂಲೆಯ ಪುಟ್ಟ ಮುಚ್ಚಳ ತೆಗೆದು, ಒಳಗಿನ ಫಿಲ್ಟರ್ ತಿರುಗಿಸಿ, ಸಿಕ್ಕಿಕೊಂಡ ಗುಂಡಿ, ಹೇರ್‌ಪಿನ್ನು, ನಾಣ್ಯಗಳನ್ನು ಹೊರಗೆ ತೆಗೆಯುವುದು. ತೆಗೆಯುವ ಮೊದಲು ಕೆಳಗೊಂದು ತಟ್ಟೆ ಇಡದವರ ಮನೆಯ ನೆಲ ತಾನಾಗಿ ತೊಳೆದುಹೋಗುತ್ತದೆ. ಯುಇ ಬಂದರೆ ಡ್ರಮ್ಮಿನ ಭಾರ ಒಂದೇ ಕಡೆಗೆ ಸೇರಿದೆಯೆಂದು ತಿಳಿದು, ಒಂಟಿಯಾಗಿ ಹಾಕಿದ ರಗ್ಗನ್ನು ಹೊರತೆಗೆಯುವುದು ಅಥವಾ ಅದಕ್ಕೆ ಜೊತೆ ಕೊಡುವುದು. ಹೊಸ ಯಂತ್ರವಾಗಿದ್ದರೆ ಹಿಂಬದಿಯ ಸಾಗಣೆ ಬೋಲ್ಟುಗಳನ್ನು ಬಿಚ್ಚಿದ್ದಾರೆಯೇ ಎಂದು ನೋಡುವುದು. ಡಿಇ ಬಂದರೆ ಬಾಗಿಲಿಗೆ ಸಿಕ್ಕಿದ ಪಂಚೆಯ ಅಂಚನ್ನು ಒಳಗೆ ತಳ್ಳುವುದು. ಇಷ್ಟು ಕೆಲಸ ಯಾರ ಮನೆಯಲ್ಲಾದರೂ ನಡೆದೀತು.

ಅರ್ಜಿದಾರರ ತಕರಾರು ನೀರಿನ ಸಂಕೇತದ ಮೇಲೆ. ಯಂತ್ರಕ್ಕೆ ನೀರು ಬರುತ್ತಿಲ್ಲ ಎಂಬುದನ್ನು ಎಲ್‌ಜಿ ಐಇ ಎಂದೂ, ಸ್ಯಾಮ್‌ಸಂಗ್ 4ಸಿ ಅಥವಾ 4ಇ ಎಂದೂ, ಬಾಷ್ ಹಲವು ಮಾದರಿಗಳಲ್ಲಿ ಇ17 ಎಂದೂ ಹೇಳುತ್ತವೆ. ಅರ್ಜಿದಾರರ ಮನೆಯ ಯಂತ್ರ ಯಾರದೆಂಬುದು ಇಲ್ಲಿ ಅಪ್ರಸ್ತುತ, ಏಕೆಂದರೆ ಎಲ್ಲರ ಕೈಪಿಡಿಯಲ್ಲೂ ಮೊದಲ ಪರಿಹಾರ "ನಲ್ಲಿ ತೆರೆದಿದೆಯೇ ಪರಿಶೀಲಿಸಿ" ಎಂಬುದೇ ಆಗಿದೆ. ನಲ್ಲಿ ತೆರೆದಿತ್ತು. ಗ್ರಾಹಕ ಸೇವೆಗೆ ಫೋನು ಮಾಡಿದಾಗ ಆ ಕಡೆಯವರು ಬಹಳ ವಿನಯದಿಂದ ಕೇಳಿದ ಮೊದಲ ಪ್ರಶ್ನೆಯೂ ಇದೇ: "ಸಾರ್, ನಲ್ಲಿ ಆನ್ ಇದೆಯಾ?" ಇತ್ತು. ಬೆಳಗ್ಗೆ 10ರಿಂದ ಸಂಜೆ 6ರೊಳಗೆ ಯಾವಾಗಲಾದರೂ ಟೆಕ್ನಿಷಿಯನ್ ಬರುವರೆಂಬ ಭರವಸೆಯ ಮೇಲೆ ಇಡೀ ದಿನ ನೆನೆದ ಬಟ್ಟೆಗಳ ವಾಸನೆ ಕುಡಿಯುತ್ತ ಕಾದ ಮೇಲೆ, ಸಂಜೆಯಾಗುತ್ತ ಬಂದ ಆ ಯುವಕರು ಚೀಲ ಕೆಳಗಿಡುವ ಮೊದಲೇ ಕೇಳಿದ್ದೂ ನಲ್ಲಿಯ ವಿಚಾರವನ್ನೇ. ಅವರನ್ನು ದೂರುವಂತಿಲ್ಲ, ಅವರ ಕೈಗೆ ಕೊಟ್ಟಿರುವುದೂ ಅದೇ ಎರಡಕ್ಷರ.

ಸಂಕೇತದ ಹಿಂದಿನ ಯಂತ್ರತತ್ತ್ವ ಇಷ್ಟು. ಡ್ರಮ್ಮನ್ನು ಒಳಗೊಂಡ ತೊಟ್ಟಿಯ ತಳದಿಂದ ಒಂದು ತೆಳ್ಳನೆಯ ಕೊಳವೆ ಮೇಲಕ್ಕೇರಿ ಒತ್ತಡದ ಸಂವೇದಕವನ್ನು ಸೇರುತ್ತದೆ. ತೊಟ್ಟಿಯಲ್ಲಿ ನೀರು ಏರಿದಂತೆಲ್ಲ ಕೊಳವೆಯಲ್ಲಿ ಸಿಕ್ಕಿಬಿದ್ದ ಗಾಳಿ ಅದುಮಿಕೊಳ್ಳುತ್ತದೆ, ಆ ಅದುಮನ್ನು ಅಳೆದು ಬೋರ್ಡು ನೀರಿನ ಮಟ್ಟವನ್ನು ತಿಳಿಯುತ್ತದೆ. ನಿಗದಿಯಾದ ನಿಮಿಷಗಳೊಳಗೆ ನೀರು ನಿಗದಿಯಾದ ಮಟ್ಟ ಮುಟ್ಟದಿದ್ದರೆ ಸಂಕೇತ ಹೊರಬೀಳುತ್ತದೆ. ಆದ್ದರಿಂದ ಈ ಸಂಕೇತದ ನಿಜವಾದ ಅರ್ಥ "ನೀರು ಬರುತ್ತಿಲ್ಲ" ಎಂದಲ್ಲ, "ಹೊತ್ತಿಗೆ ಸರಿಯಾಗಿ ತುಂಬಲಿಲ್ಲ" ಎಂದು. ನಲ್ಲಿ ಮುಚ್ಚಿದ್ದರೆ ಮಟ್ಟ ಇದ್ದಲ್ಲೇ ಇರುತ್ತದೆ. ನೀರು ಸಣ್ಣಗೆ ಬರುತ್ತಿದ್ದರೆ ಮಟ್ಟ ನಿಧಾನಕ್ಕಾದರೂ ಏರುತ್ತಲೇ ಇರುತ್ತದೆ. ಇವೆರಡರ ವ್ಯತ್ಯಾಸ ಬೋರ್ಡಿನ ಕಣ್ಣೆದುರಿಗೇ ನಡೆಯುತ್ತದೆ. ನಲ್ಲಿ ತೆರೆದಿದೆಯೆಂಬುದು ಯಂತ್ರಕ್ಕೆ ಗೊತ್ತಾಗುವಂತಿದೆ! ಹಾಗಿದ್ದೂ ಅದು ಅದೇ ಎರಡಕ್ಷರ ಮಿನುಗಿಸಿ, ಗೊತ್ತಿದ್ದವರ ಕೈಯಲ್ಲಿ ಗೊತ್ತಿಲ್ಲದ ಪ್ರಶ್ನೆ ಕೇಳಿಸಿ, ಮನೆಯವರನ್ನು ನಲ್ಲಿಯ ಮುಂದೆ ಆರೋಪಿಯಂತೆ ನಿಲ್ಲಿಸುತ್ತದೆ.

ನೀರು ಸಣ್ಣಗೆ ಬರುವುದೇಕೆ ಎಂಬುದು ಬೆಂಗಳೂರಿನ ಮೇಲಿನ ಮಹಡಿಯಲ್ಲಿ ವಾಸಿಸುವವರಿಗೆ ವಿವರಿಸಬೇಕಾದ ಸಂಗತಿಯಲ್ಲ, ವಿಭಾಗಕ್ಕೆ ವಿವರಿಸಬೇಕಾಗಿದೆ. ಇಲ್ಲಿ ಕಾವೇರಿ ನೀರಾಗಲಿ ಟ್ಯಾಂಕರಿನ ನೀರಾಗಲಿ ಬೋರ್‌ವೆಲ್ಲಿನ ನೀರಾಗಲಿ ಮೊದಲು ಸಂಪಿಗೆ ಬೀಳುತ್ತದೆ, ಅಲ್ಲಿಂದ ಮೋಟಾರು ಅದನ್ನು ತಾರಸಿಯ ಸಿಂಟೆಕ್ಸಿಗೆ ಏರಿಸುತ್ತದೆ, ಅಲ್ಲಿಂದ ಅದು ತನ್ನ ಭಾರದಿಂದಲೇ ನಲ್ಲಿಗೆ ಇಳಿಯುತ್ತದೆ. 10 ಮೀಟರ್ ಎತ್ತರದ ನೀರಿಗೆ ಸುಮಾರು 100 ಕಿಲೊಪಾಸ್ಕಲ್ ಒತ್ತಡವಿರುತ್ತದೆ, ಕಿಲೊಪಾಸ್ಕಲ್ ಎಂಬುದು ಒತ್ತಡದ ಅಳತೆ. ಮೂರಂತಸ್ತಿನ ಕಟ್ಟಡದ ನೆಲಮಹಡಿಯವರಿಗೆ ಈ ಒತ್ತಡ ಹೆಚ್ಚುಕಡಿಮೆ ಸಿಗುತ್ತದೆ. ಟ್ಯಾಂಕಿನ ಕೆಳಗೇ ಇರುವ ಮನೆಗೆ ಎತ್ತರ 3 ಮೀಟರ್ ಸಿಕ್ಕರೆ ಒತ್ತಡ 30ರ ಆಸುಪಾಸು. ಕೆಲವು ಮಾದರಿಗಳ ಕೈಪಿಡಿ 30 ಸಾಕೆನ್ನುತ್ತದೆ, ಕೆಲವು 100 ಬೇಕೆನ್ನುತ್ತವೆ, ಎರಡನ್ನೂ ಕೊನೆಯ ಪುಟಗಳ ಸಣ್ಣಕ್ಷರದ ಕೋಷ್ಟಕದಲ್ಲಿ ಇಡಲಾಗಿದೆ. ಮಾರುವ ಹೊತ್ತಿನಲ್ಲಿ ಅಂಗಡಿಯವರು ಎಷ್ಟು ಕಿಲೋ ಬಟ್ಟೆ, ಎಷ್ಟು ಸ್ಟಾರು, ಯಾವ ಬಣ್ಣ ಎಂದೆಲ್ಲ ಕೇಳುತ್ತಾರೆಯೇ ಹೊರತು ಯಾವ ಮಹಡಿ ಎಂದು ಕೇಳಿದ ದಾಖಲೆಯಿಲ್ಲ.

ಒತ್ತಡ ಮೊದಲೇ ಕಡಿಮೆಯಿದ್ದಲ್ಲಿ ಜಾಲರಿಯೂ ಕಟ್ಟಿಕೊಂಡರೆ ಕೆಲಸ ಮುಗಿಯಿತು. ನೀರಿನ ಪೈಪು ಯಂತ್ರದ ಹಿಂಬದಿಗೆ ಸೇರುವಲ್ಲಿ, ತಿರುಪಿನ ಬಾಯೊಳಗೆ, ಬೆರಳ ತುದಿಯಷ್ಟು ಪ್ಲಾಸ್ಟಿಕ್ ಜಾಲರಿಯೊಂದು ಕೂತಿರುತ್ತದೆ. ಪ್ಲಗ್ ಕಿತ್ತು, ನಲ್ಲಿ ನಿಲ್ಲಿಸಿ (ಆಗ ಮಾತ್ರ ನಿಲ್ಲಿಸತಕ್ಕದ್ದು), ಪೈಪನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ, ಜಾಲರಿಯ ನಡುವಿನ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲನೆ ಎಳೆದರೆ ಅದು ಹೊರಬರುತ್ತದೆ. ಬೋರ್‌ವೆಲ್ಲಿನ ನುಣುಪು ಮರಳು, ಟ್ಯಾಂಕಿನ ತಳದ ಪಾಚಿ, ಹಳೆಯ ಕಬ್ಬಿಣದ ಪೈಪಿನ ತುಕ್ಕು, ಗಡಸು ನೀರಿನ ಬಿಳಿಯ ಸುಣ್ಣ ಎಲ್ಲವೂ ಆ ಜಾಲರಿಯ ಮೇಲೆ ಪದರ ಪದರವಾಗಿ ಕೂತಿರುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಮತ್ತೆ ಕೂರಿಸುವುದು. ದೋಷ ಜಾಲರಿಯದೋ ಒತ್ತಡದ್ದೋ ಎಂದು ತಿಳಿಯಲು, ಬಿಚ್ಚಿದ ಪೈಪಿನ ತುದಿಯನ್ನು ಬಕೆಟ್ಟಿಗೆ ಹಿಡಿದು ನಲ್ಲಿ ಬಿಟ್ಟು ನೋಡಿದರೆ ಸಾಕು: ಬಕೆಟ್ಟಿಗೆ ರಭಸದಿಂದ ಬಿದ್ದರೆ ದೋಷ ಯಂತ್ರದ ಬಾಯಲ್ಲಿದೆ, ಬಕೆಟ್ಟಿಗೂ ಸೊರಗಿ ಬಿದ್ದರೆ ಪ್ರೆಶರ್ ಪಂಪು ಹಾಕಿಸಬೇಕು. ಸಂಜೆ ಬಂದ ಯುವಕರು ಮಾಡಿದ್ದು ಇದನ್ನೇ. ಬ್ರಷ್ಷು ಕೂಡ ಅರ್ಜಿದಾರರ ಮನೆಯದೇ. ಚಾರ್ಜು ಮಾತ್ರ ಕಂಪನಿಯದು.

ಫಲಕದಲ್ಲಿ ಜಾಗವಿಲ್ಲವೆಂಬ ಸಬೂಬು ಇಂದು ನಿಲ್ಲುವುದಿಲ್ಲ. ಸ್ಯಾಮ್‌ಸಂಗ್ ಯಂತ್ರಗಳು ಒಗೆತ ಮುಗಿದಾಗ ಶೂಬರ್ಟ್ 1817ರಲ್ಲಿ ರಚಿಸಿದ, ಟ್ರೌಟ್ ಎಂಬ ಮೀನಿನ ಮೇಲಿನ ಹಾಡಿನ ರಾಗವನ್ನು ನುಡಿಸುತ್ತವೆ; ಮೀನಿನ ಹಾಡು ಬರುವ ಯಂತ್ರಕ್ಕೆ ನೀರಿನ ಮಾತು ಬರುವುದಿಲ್ಲವೆಂದರೆ ನಂಬುವುದು ಕಷ್ಟ. ಎಲ್‌ಜಿಯ ಹಲವು ಮಾದರಿಗಳಂತೂ ಫೋನನ್ನು ಹತ್ತಿರ ಹಿಡಿದರೆ ಕೀಚಲು ದನಿಗಳ ಮೂಲಕ ತಮ್ಮ ಒಳಗಿನ ವಿವರಗಳನ್ನೆಲ್ಲ ಗ್ರಾಹಕ ಸೇವೆಯ ಕಂಪ್ಯೂಟರಿಗೆ ಒಪ್ಪಿಸುತ್ತವೆ. ಹಣ ಕೊಟ್ಟು ಮನೆಗೆ ತಂದವರಿಗೆ ಎರಡಕ್ಷರ, ದೂರದ ಕಂಪ್ಯೂಟರಿಗೆ ಸವಿಸ್ತಾರ ವರದಿ.

ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚ್ 1ರಿಂದ ಜಾರಿಯಲ್ಲಿರುವ 2019/2023 ಸಂಖ್ಯೆಯ ನಿಯಮದ ಪ್ರಕಾರ, ವಾಷಿಂಗ್ ಮೆಷಿನ್ ತಯಾರಕರು ದೋಷಗಳ ಅರ್ಥವನ್ನೂ, ಮನೆಯವರು ಕೈಗೊಳ್ಳಬೇಕಾದ ಕ್ರಮವನ್ನೂ, ಯಾವ ದೋಷಕ್ಕೆ ವೃತ್ತಿಪರರು ಬೇಕೆಂಬುದನ್ನೂ ಬಳಕೆಯ ಸೂಚನೆಗಳಲ್ಲಿ ತಿಳಿಸಬೇಕು, ರಿಪೇರಿ ವೃತ್ತಿಯವರಿಗೆ ಸಂಕೇತಗಳ ವಿವರ ಒದಗಿಸಬೇಕು, ಪ್ರಮುಖ ಬಿಡಿಭಾಗಗಳನ್ನು ಕನಿಷ್ಠ 10 ವರ್ಷ ಸಿಗುವಂತೆ ಇಡಬೇಕು. ಭಾರತದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿಯ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆದಿದೆ. ಪೋರ್ಟಲ್ ತೆರೆದಿದೆ, ನಲ್ಲಿಯೂ ತೆರೆದಿದೆ.

ಆದಕಾರಣ ಅರ್ಜಿದಾರರು ಕೋರುವುದೇನೆಂದರೆ, ನೀರಿನ ಮಟ್ಟ ಏರದೇ ಇರುವುದಕ್ಕೂ ನಿಧಾನವಾಗಿ ಏರುವುದಕ್ಕೂ ಬೇರೆ ಬೇರೆ ಸಂಕೇತಗಳನ್ನು ಗೊತ್ತುಪಡಿಸಿ, ಎರಡನೆಯದರ ಜೊತೆಗೆ ಜಾಲರಿ ಎಲ್ಲಿದೆಯೆಂಬ ಚಿತ್ರವನ್ನು ಯಂತ್ರದ ಮೈಮೇಲೆಯೇ ಕನ್ನಡ ಮತ್ತಿತರ ಭಾಷೆಗಳ ವಿವರಣೆಯೊಂದಿಗೆ ಅಂಟಿಸಬೇಕು. ಕನಿಷ್ಠ ಒತ್ತಡವನ್ನು ಅಂಗಡಿಯ ಫಲಕದಲ್ಲಿ ಸ್ಟಾರುಗಳ ಪಕ್ಕದಲ್ಲೇ, ಕಿಲೊಪಾಸ್ಕಲ್‌ಗಳಲ್ಲಲ್ಲದೆ ಟ್ಯಾಂಕಿನ ಎತ್ತರದ ಅಡಿಗಳಲ್ಲಿ ಬರೆಯಬೇಕು. ಜಾಗ ಸಾಲದಿದ್ದರೆ ಮೀನಿನ ಹಾಡನ್ನು ಕೈಬಿಡಬಹುದು. ಬ್ರಷ್ಷಿನ ಬಾಡಿಗೆ ಕಳೆದು ವಿಸಿಟಿಂಗ್ ಚಾರ್ಜನ್ನು ಮರಳಿಸಬೇಕು. ಮರಳಿಸಲು ಬರುವ ಪ್ರತಿನಿಧಿಗಳು ಬೆಳಗ್ಗೆ 10ರಿಂದ ಸಂಜೆ 6ರೊಳಗೆ ಯಾವಾಗಲಾದರೂ ಬಂದು ಗೇಟಿನ ಬಳಿ ಕಾಯತಕ್ಕದ್ದು. ಅರ್ಜಿದಾರರು ಅನುಕೂಲವಾದಾಗ ಇಳಿದು ಬರುತ್ತಾರೆ.

ಇತಿ,
ಅರ್ಜಿದಾರರು