ಸ್ಪ್ಯಾನರ್ ದೀಪ

ಬೆಂಗಳೂರಿನ ಬನಶಂಕರಿಯವರಿಗೆ ದೀಪ ಹಚ್ಚುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಊರೆಲ್ಲ ದೂರ ಇಡುವ ರಾಹುಕಾಲವನ್ನೇ ಹುಡುಕಿಕೊಂಡು, ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ, ಶುಕ್ರವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರೊಳಗೆ ಅಮ್ಮನವರ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವ ಜನ ನಾವು. ಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯ ಒಳಮೈ ಹೊರಗೆ ಬರುವಂತೆ ಮಗುಚಿ, ತುಪ್ಪ ಹಾಕಿ ಬತ್ತಿ ಇಟ್ಟರೆ ಮುಗಿಯಿತು. ಅದನ್ನು ಆರಿಸುವ ಗೋಜು ನಮಗಿಲ್ಲ. ತುಪ್ಪ ತೀರಿದಾಗ ತಾನಾಗಿಯೇ ಶಾಂತವಾಗುತ್ತದೆ.

ಹಚ್ಚದೆಯೇ ಹತ್ತಿಕೊಂಡು, ಆಮೇಲೆ ಜಪ್ಪಯ್ಯ ಎಂದರೂ ಆರದ ದೀಪವೊಂದಿದೆ. ಅದು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸರ್ವೀಸ್ ನೆನಪಿಸುವ ಸ್ಪ್ಯಾನರ್ ದೀಪ. "ರೀ, ಇದೇನ್ರೀ ಹಳದಿ ದೀಪ?" ಎಂದು ಪಕ್ಕದ ಸೀಟಿನಿಂದ ಪ್ರಶ್ನೆ ಬರುವವರೆಗೆ ಗಂಡಸರ ಕಣ್ಣಿಗೆ ಅದು ಬೀಳುವುದಿಲ್ಲ. ಬಿದ್ದಮೇಲೆ ರಸ್ತೆ ಕಾಣಿಸುವುದಿಲ್ಲ.

ಈ ದೀಪಗಳಿಗೂ ಒಂದು ಶಾಸ್ತ್ರವಿದೆ. ಕೆಂಪು ಎಂದರೆ ಅಪಾಯ, ಹಳದಿ ಎಂದರೆ ಎಚ್ಚರಿಕೆ, ಹಸಿರು ಎಂದರೆ ಎಲ್ಲ ಸರಿಯಾಗಿದೆ ಎಂದು. ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಇವುಗಳ ಚಿತ್ರ, ಬಣ್ಣ ಎಲ್ಲವೂ ಇವೆ. ನೀಲಿ ಇರುವುದು ಹೈ ಬೀಮ್‌ಗೆ. ನಮ್ಮ ರಿಂಗ್ ರೋಡಿನಲ್ಲಿ ರಾತ್ರಿ ಎದುರಿಗೆ ಬರುವವರನ್ನು ನೋಡಿದರೆ, ಅವರ ಗಾಡಿಗಳಲ್ಲಿ ಆ ನೀಲಿ ದೀಪ ಹಾಕುವುದನ್ನೇ ಕಂಪನಿಯವರು ಮರೆತರೇನೋ ಅನ್ನಿಸುತ್ತದೆ.

ಸ್ಪ್ಯಾನರ್ ದೀಪದ ಬುದ್ಧಿ ಬಹಳ ಸಣ್ಣದು. ಹೆಚ್ಚಿನ ಕಾರುಗಳಲ್ಲಿ ಅದಕ್ಕೆ ಗೊತ್ತಿರುವುದು ಎರಡೇ ಲೆಕ್ಕ: ಓಡಿದ ಕಿಲೋಮೀಟರು, ಕಳೆದ ದಿನ. "10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಎಂದು ಬರೆದಿರುತ್ತಾರಲ್ಲ, ಅಷ್ಟೇ. ಎಂಜಿನ್ನಿನೊಳಗಿನ ಆಯಿಲ್ ಜೇನಿನ ಬಣ್ಣದಲ್ಲಿದೆಯೋ ಡಾಂಬರಾಗಿದೆಯೋ ಅದು ಇಣುಕಿಯೂ ನೋಡಿರುವುದಿಲ್ಲ. ನೀವು ನಿನ್ನೆಯಷ್ಟೇ ಕತ್ರಿಗುಪ್ಪೆಯ ಒಳರಸ್ತೆಯ ಗ್ಯಾರೇಜಿನಲ್ಲಿ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿಸಿದ್ದರೂ, ಅದಕ್ಕೆ ಯಾರಾದರೂ ಹೇಳುವವರೆಗೆ ಉರಿಯುತ್ತಲೇ ಇರುತ್ತದೆ. ಮನೆಯಲ್ಲೇ ರಿಸೆಟ್ ಮಾಡುವ ವಿದ್ಯೆ ಬೇಕಾಗುವುದು ಇದಕ್ಕೇ.

ವಿದ್ಯೆಯೇನೂ ದೊಡ್ಡದಲ್ಲ. ಮಾಡೆಲ್‌ಗೊಂದು ರೀತಿ, ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೇ ಇರುತ್ತದೆ. ಆ ಪುಸ್ತಕ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮೊದಲ ದಿನದ ಕುಂಕುಮದ ಸಮೇತ ಭದ್ರವಾಗಿರುತ್ತದೆ. ಗುಂಡಿ ಇರುವ ಹಲವು ಕಾರುಗಳಲ್ಲಿ ಕ್ರಮ ಹೀಗೆ: ಗಾಡಿ ಆಫ್ ಇರಬೇಕು. ಎಡಗೈಯನ್ನು ಸ್ಟೀರಿಂಗಿನ ಸಂದಿಯಲ್ಲಿ ತೂರಿಸಿ ಟ್ರಿಪ್ ಮೀಟರಿನ ಗುಂಡಿ ಒತ್ತಿ ಹಿಡಿಯಬೇಕು. ಬಲಗೈಯಲ್ಲಿ ಕೀಯನ್ನು ಆನ್‌ವರೆಗೆ ಮಾತ್ರ ತಿರುಗಿಸಬೇಕು, ಸ್ಟಾರ್ಟ್ ಮಾಡಬಾರದು. ಒತ್ತಿದ ಬೆರಳು ತೆಗೆಯಬಾರದು. ದೀಪ ಮಿಣುಕುತ್ತದೆ, ಕೆಲವು ಗಾಡಿಗಳಲ್ಲಿ ಗೆರೆಗಳು ಒಂದೊಂದಾಗಿ ಮಾಯವಾಗಿ ಸೊನ್ನೆ ಬರುತ್ತದೆ. ಅಲ್ಲಿಗೆ ದೀಪ ಶಾಂತ. ಹೊಸ ಗಾಡಿಗಳಲ್ಲಿ ಗುಂಡಿಯ ಬದಲು ಪರದೆಯ ಮೆನುವಿನೊಳಗೆ ಹೊಕ್ಕು ಹುಡುಕಬೇಕು. ಅದಕ್ಕೆ ಮನೆಯಲ್ಲಿ ಹತ್ತನೇ ಕ್ಲಾಸಿನ ಒಂದು ಮಗು ಇದ್ದರೆ ಅನುಕೂಲ.

ನಾನು ಹೀಗೆ ಗುಂಡಿ ಒತ್ತುವಾಗ ಮಾವನವರು ಗೇಟಿನ ಬಳಿ ನಿಂತು ಎಲ್ಲ ನೋಡುತ್ತಿದ್ದರು. ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದ ಕಾಲದವರು. "ಅಳಿಯಂದ್ರೇ, ಗುಂಡಿ ಒತ್ತಿದ್ರೆ ಆಯಿಲ್ ಹೊಸದಾಗುತ್ಯೇ?" ಎಂದರು.

"ಇಲ್ಲ ಮಾವ, ಆಯಿಲ್ ಹಾಕಿಸಿ ಆಯ್ತು. ಇದು ಬರೀ ಲೆಕ್ಕ."

"ಲೆಕ್ಕಕ್ಕೆ ದೀಪ ಯಾಕೆ? ಪುಸ್ತಕ ಇಲ್ವೇ?"

ಅವರ ಹತ್ತಿರ ಇತ್ತು. ಅಂಗೈಯಗಲದ ನೋಟ್‌ಬುಕ್. ತಾರೀಕು, ಕಿಲೋಮೀಟರು, ಹಾಕಿಸಿದ ಪೆಟ್ರೋಲು, ಬದಲಾಯಿಸಿದ ಆಯಿಲು, ಮೆಕ್ಯಾನಿಕ್‌ಗೆ ಕೊಟ್ಟ ಕಾಫಿ ದುಡ್ಡು ಸಮೇತ. ಆ ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆದು, ತುದಿಯ ಆಯಿಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮೂಸಿ, "ಇನ್ನೊಂದ್ ತಿಂಗ್ಳು ಓಡತ್ತೆ ಸ್ವಾಮಿ" ಅನ್ನುತ್ತಿದ್ದನಂತೆ. ಬೆರಳಿಗೆ ತರಿ ಸಿಕ್ಕರೆ ಅವನು ತಿಂಗಳು ಕಾಯುತ್ತಿರಲಿಲ್ಲ.

ಮಾವನವರ ಮಾತನ್ನು ಹಳೆಗಾಲದ ಬಡಾಯಿ ಎಂದು ತಳ್ಳಿಹಾಕುವಂತಿಲ್ಲ. ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು ಬೇಕಾಗಿತ್ತು. ಆ ನಡಿಗೆಯಲ್ಲಿ 10,000 ಕಿ.ಮೀ. ಮುಗಿಸುವಷ್ಟರಲ್ಲಿ ಎಂಜಿನ್ ಸುಮಾರು 470 ಗಂಟೆ ಉರಿದಿರುತ್ತದೆ. ಅಷ್ಟೇ ದೂರವನ್ನು ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100ರಂತೆ ಓಡಿಸಿದರೆ 100 ಗಂಟೆ. ಎರಡೂ ಗಾಡಿಗಳಿಗೆ ಸ್ಪ್ಯಾನರ್ ದೀಪ ಹತ್ತುವುದು ಒಂದೇ ಅಂಕಿಗೆ. ಎಂಜಿನ್ ತಿರುಗಿದ ಸುತ್ತು, ಕಾಯ್ದ ಬಿಸಿ ಎಲ್ಲವನ್ನೂ ಗಣಿಸಿ ಆಯಿಲಿನ ಆಯಸ್ಸು ಹೇಳುವ ವ್ಯವಸ್ಥೆಯನ್ನು ಅಮೆರಿಕದ ಜನರಲ್ ಮೋಟರ್ಸ್ 1980ರ ದಶಕದಲ್ಲೇ ತಂದಿತ್ತು. ನಮ್ಮಲ್ಲಿನ ಸಾಧಾರಣ ಕಾರುಗಳಿಗೆ ಆ ಭಾಗ್ಯ ಕಡಿಮೆ. ಅದರ ಬದಲು ಹಲವು ಕಂಪನಿಗಳ ಪುಸ್ತಕದ ಕೊನೆಯಲ್ಲಿ ಸಣ್ಣಕ್ಷರದ ಒಂದು ಪಟ್ಟಿ ಇರುತ್ತದೆ: ನಿಂತು ನಿಂತು ಸಾಗುವ ಟ್ರಾಫಿಕ್, ಹತ್ತಿರದ ಓಡಾಟ, ಧೂಳಿನ ರಸ್ತೆ, ಇಂಥ 'ಕಠಿಣ ಪರಿಸ್ಥಿತಿ'ಯಲ್ಲಿ ಆಯಿಲನ್ನು ಬೇಗ ಬದಲಾಯಿಸಿ ಎಂದು. ದೇವೇಗೌಡ ಪೆಟ್ರೋಲ್ ಬಂಕಿನಿಂದ ಬನಶಂಕರಿ ಬಸ್ ನಿಲ್ದಾಣದವರೆಗೆ ಸಂಜೆ ಹೊತ್ತು ಗಾಡಿ ಓಡಿಸಿಯೇ ಯಾರೋ ಆ ಪಟ್ಟಿ ಬರೆದಿರಬೇಕು.

ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರದು ಇನ್ನೊಂದು ದಾರಿ. ಆಯುಧಪೂಜೆಯ ದಿನ ಕಾರು ತೊಳೆದು, ಸೇವಂತಿಗೆ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು ಹತ್ತಿಸಿ, ಮರುದಿನವೇ ಸರ್ವೀಸಿಗೆ ಬಿಡುತ್ತಾರೆ. ವರ್ಷಕ್ಕೊಮ್ಮೆ, ತಪ್ಪದೆ. ಅವರ ಕಾರಿನಲ್ಲಿ ಸ್ಪ್ಯಾನರ್ ದೀಪ ಹೇಗಿರುತ್ತದೆ ಎಂದು ಅವರಿಗೇ ಗೊತ್ತಿಲ್ಲ. ಈ ಇಡೀ ಬೀದಿಯಲ್ಲಿ ಗಾಡಿಯನ್ನು ಸರಿಯಾಗಿ ನೋಡಿಕೊಳ್ಳುವವರು ಅವರೊಬ್ಬರೇ ಎಂಬುದು ನನ್ನ ಅಭಿಪ್ರಾಯ.

ನೀವು ಮನೆಯಲ್ಲೇ ಆ ಗುಂಡಿ ಒತ್ತುವವರಾದರೆ, ಮೊದಲು ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಬದಲಾಯಿಸಿದ ತಾರೀಕು, ಕಿಲೋಮೀಟರು ಎರಡನ್ನೂ ಎಲ್ಲಾದರೂ ಬರೆದಿಡಿ. ಎಂಜಿನ್ ಚಿತ್ರದ ಹಳದಿ ದೀಪ ಬೇರೆ, ಅದು ಈ ಗುಂಡಿಗೆ ಬಗ್ಗುವುದಿಲ್ಲ, ಮೆಕ್ಯಾನಿಕ್‌ಗೇ ತೋರಿಸಬೇಕು. ಇನ್ನು ಓಡುತ್ತಿರುವಾಗ ಎಣ್ಣೆಗಿಂಡಿ ಚಿತ್ರದ ಕೆಂಪು ದೀಪ ಹತ್ತಿತೋ, ಆಯಿಲಿನ ಒತ್ತಡ ಇಳಿದಿದೆ ಎಂದು ಅರ್ಥ. ಗಾಡಿಯನ್ನು ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಫೋನು ತೆಗೆಯಿರಿ.