ಥರ್ಮಾಕೋಲ್ ಯುಗ: ಒಂದು ಪೂರ್ವಪೀಠಿಕಾತ್ಮಕ ವಿವೇಚನೆ

ಮಾನವಕುಲದ ಚರಿತ್ರೆಯನ್ನು ಹಳೆಯ ಶಿಲಾಯುಗ, ನವಶಿಲಾಯುಗ, ಕಬ್ಬಿಣಯುಗ ಎಂದು ವಿಂಗಡಿಸಿದ ವಿದ್ವಾಂಸರು ಥರ್ಮಾಕೋಲ್ ಯುಗವನ್ನು ಏಕೆ ಕೈಬಿಟ್ಟರೋ ತಿಳಿಯದು. ಇದರ ಅವಶೇಷಗಳು ನಮ್ಮ ಶಾಲೆಗಳ ಸ್ಟಾಫ್ ರೂಮಿನ ಬೀರುಗಳ ಮೇಲೆ ಪದರ ಪದರವಾಗಿ ಲಭ್ಯ. ಮೇಲಿನ ಸ್ತರದಲ್ಲಿ ಹಂಪಿಯ ಕಲ್ಲಿನ ರಥ, ಅದರಡಿ ವಿಧಾನಸೌಧ, ತೀರ ಕೆಳಗೆ ಚಕ್ರ ಕಳಚಿದ ಇನ್ನೊಂದು ಕಲ್ಲಿನ ರಥ. ಇವೆಲ್ಲ 'ನಮ್ಮೂರ ಇತಿಹಾಸ: ವಿದ್ಯಾರ್ಥಿಗಳ ಸೃಜನಶೀಲ ಯೋಜನಾ ಸ್ಪರ್ಧೆ' ಎಂಬ ವಾರ್ಷಿಕ ವಿಧಿಗೆ ಸೇರಿದವು. ಊರು ಹಂಪಿಯಿಂದ ದೂರವಾದಷ್ಟೂ ರಥ ದೊಡ್ಡದಾಗುತ್ತದೆ ಎಂಬ ಸಿದ್ಧಾಂತವನ್ನು, ತೀರ್ಪುಗಾರನಾಗಿ ಕ್ಷೇತ್ರಕಾರ್ಯ ಮಾಡಿರುವ ಈ ಲೇಖಕ ಇಲ್ಲಿ ಸವಿನಯ ಮಂಡಿಸುತ್ತಾನೆ.

ಆಕರಗಳಲ್ಲಿ ಮುಖ್ಯವಾದದ್ದು ಸುತ್ತೋಲೆ. ಅದು ಹೀಗೆ ಆರಂಭವಾಗುತ್ತದೆ: 'ವಿದ್ಯಾರ್ಥಿಗಳಲ್ಲಿ ಸ್ಥಳೀಯ ಪರಂಪರಾಧಾರಿತ ಸೃಜನಾತ್ಮಕ ಅನ್ವೇಷಣಾ ಮನೋಭಾವದ ಸರ್ವಾಂಗೀಣ ಸಬಲೀಕರಣವನ್ನು ಪರಿಣಾಮಕಾರಿಯಾಗಿ ಅನುಷ್ಠಾನಗೊಳಿಸುವ ನಿಟ್ಟಿನಲ್ಲಿ...' ಕ್ರಿಯಾಪದ ಬರುವಷ್ಟರಲ್ಲಿ ಹೆಸರು ಕೊಡುವ ಕೊನೆಯ ದಿನಾಂಕ ಮುಗಿದಿರುತ್ತದೆ.

ಕರ್ತೃತ್ವದ ದೃಷ್ಟಿಯಿಂದ ಯೋಜನೆಗಳು ಪಂಚವಿಧ. ಮೊದಲನೆಯದು ಪಿತೃಕರ್ತೃಕ: ತಂದೆ ಎಂಜಿನಿಯರ್ ಆಗಿದ್ದು, ಗೋಲಗುಮ್ಮಟದೊಳಗೆ ಬಲ್ಬು ಉರಿಯುತ್ತದೆ, ಮಗುವಿಗೆ ಮುಟ್ಟಲು ಅನುಮತಿಯಿಲ್ಲ. ಎರಡನೆಯದು ಆಪಣಜನ್ಯ, ಎಂದರೆ ಬಸ್ ಸ್ಟ್ಯಾಂಡ್ ಹತ್ತಿರದ ಸ್ಟೇಷನರಿ ಅಂಗಡಿಯಲ್ಲಿ ಹುಟ್ಟಿದ್ದು. ಒಂದೇ ಚಿತ್ರಪಟದಿಂದ ಕತ್ತರಿಸಿದ ಒಂದೇ ಕಿತ್ತೂರು ಚೆನ್ನಮ್ಮ ಹತ್ತು ಊರುಗಳ 'ಸ್ಥಳೀಯ' ವೀರರಾಣಿಯಾಗಿ ಮೆರೆಯುವುದು ಇದರ ಲಕ್ಷಣ. ಮೂರನೆಯದು ಮಾತೃನಿಶೀಥ: ರಾತ್ರಿ ಹನ್ನೊಂದಕ್ಕೆ 'ಅಮ್ಮಾ, ನಾಳೆ ಪ್ರಾಜೆಕ್ಟ್ ಕೊಡ್ಬೇಕು' ಎಂಬ ಮಂತ್ರೋಚ್ಚಾರದಿಂದ ಉದ್ಭವಿಸುವಂಥದ್ದು. ನಾಲ್ಕು, ಐದು ಇವಕ್ಕಿಂತ ಭಿನ್ನವೇನಲ್ಲ, ಬಿಡಿ.

ಅಂಕಪಟ್ಟಿಯ ಅಂಕಣಗಳು: ಅಂದ, ಅಚ್ಚುಕಟ್ಟು, ನಾವೀನ್ಯ, ವಿವರಣಾ ಶೈಲಿ. ನಿಜಕ್ಕೆ ಅಂಕಣವಿಲ್ಲ. ಶಾಲು, ಹಾರ, ನೆನಪಿನ ಕಾಣಿಕೆ, ಗಣ್ಯರ ಭಾಷಣ ಮುಗಿಯುವ ಹೊತ್ತಿಗೆ ಮಕ್ಕಳ ಕೆಲಸ ನೋಡಲು ಉಳಿಯುವುದು ಊಟಕ್ಕೆ ಮುಂಚಿನ ಸ್ವಲ್ಪ ಹೊತ್ತು.

ಅಂಥದೊಂದು ಹೊತ್ತಿನಲ್ಲಿ, ಮೂಲೆಯ ಬೆಂಚಿನ ಮೇಲೆ ನೋಟ್‌ಬುಕ್ಕಿನ ಹಾಳೆ ಹರಿದು ಪಿನ್ ಹೊಡೆದ ಒಂದು ಯೋಜನೆ ಇತ್ತು. ಮೇಲಿನ ವರ್ಗೀಕರಣದಲ್ಲಿ ಅದಕ್ಕೆ ಜಾಗವಿಲ್ಲ. ಹೈಸ್ಕೂಲು ಹುಡುಗಿಯೊಬ್ಬಳು ಊರಿನ ಬಾವಿಗಳ ನಕ್ಷೆ ಬರೆದು, ಯಾವ ಕೇರಿಯವರು ಯಾವ ಬಾವಿಯಲ್ಲಿ ಸೇದುತ್ತಿದ್ದರು ಎಂದು ತನ್ನ ಅಜ್ಜಿಯನ್ನು ಕೇಳಿ ಗುರುತು ಹಾಕಿದ್ದಳು. ತಮ್ಮ ಕೇರಿಯ ಮುಂದೆ ಬಾವಿಯ ಗುರುತಿರಲಿಲ್ಲ. ಅಜ್ಜಿ ಹೇಳಿದ್ದನ್ನು ಹಾಗೇ ಬರೆದಿದ್ದಳು: 'ನಾವು ಸೇದಂಗಿರ್ಲಿಲ್ಲ. ಕೊಡ ಇಟ್ಟು ದೂರ ನಿಂತಿರ್ತಿದ್ವಿ. ಯಾರಾದ್ರೂ ಹುಯ್ದರೆ ನೀರು, ಇಲ್ದಿದ್ರೆ ಇಲ್ಲ.'

'ಚೆನ್ನಾಗಿದೆ ಸರ್, ಆದ್ರೆ ಇದೆಲ್ಲ ಈಗ ಯಾಕೆ? ಪಾಸಿಟಿವ್ ಆಗಿರೋದಕ್ಕೆ ಕೊಡೋಣ' ಎಂದರು ಸಹತೀರ್ಪುಗಾರರು. ಇಬ್ಬರು ಸಹಿ ಹಾಕಿದ ಮೇಲೆ ಮೂರನೆಯವನ ಮಾತಿಗೆ ಬೆಲೆಯಿಲ್ಲ. ಪ್ರಥಮ ಬಹುಮಾನ ರಥಕ್ಕೆ ಹೋಯಿತು.

ಇದು ಯಾವ ನಾಡು ಅಂದುಕೊಂಡಿದ್ದಾರೆ ಇವರು? ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ತಕ್ಕೋಲದ ಯುದ್ಧ ಮುಗಿದ ಹೊಸದರಲ್ಲಿ, ಸುಮಾರು ಕ್ರಿ.ಶ. 950ರಲ್ಲಿ, ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದರು. ಗಂಗರ ಬೂತುಗ ಮೆಚ್ಚಿ 'ಏನು ಬೇಕು ಕೇಳು' ಎಂದಾಗ ಮಣಲೆರನೆಂಬ ಯೋಧ ಕೇಳಿದ್ದು ಆ ನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿಯೂ ಇದೆ, ಹಂದಿಯೂ ಇದೆ, ಕನ್ನಡದಲ್ಲಿ ಕಥೆಯೂ ಇದೆ. ಕಲ್ಲನ್ನು ಪೂಜಿಸಲು ಭೂಮಿ ಬಿಟ್ಟರು. ಇವತ್ತು ಅದನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಹತ್ತನೆಯ ಶತಮಾನದವರಿಗೆ ಸತ್ತ ನಾಯಿಯ ಕಥೆಯೂ ಊರಿನ ಇತಿಹಾಸವಾಗಿತ್ತು. ನಮಗೆ ಬದುಕಿರುವ ಅಜ್ಜಿಯ ಮಾತು 'ಪಾಸಿಟಿವ್' ಅಲ್ಲ!

ಬಿ.ಎಲ್. ರೈಸ್ 1886ರಿಂದ ಒಂದೊಂದಾಗಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಹಳೇ ಮೈಸೂರು ಸೀಮೆಯ ಶಾಸನಗಳು ತಾಲ್ಲೂಕುವಾರು ನಂಬರು ಹಾಕಿ ಕೂತಿವೆ. ಎಷ್ಟೋ ಊರುಗಳ ಹೆಸರು ಅದರಲ್ಲಿದೆ. ಮೇಷ್ಟ್ರುಗಳೇ, ನಿಮ್ಮ ತಾಲ್ಲೂಕಿನ ಪುಟ ತೆಗೆದು ಮಕ್ಕಳ ಕೈಗೆ ಕೊಡಿ. ಆ ಕಲ್ಲು ಈಗ ಗುಡಿಯ ಮುಂದಿದೆಯೋ, ಬಟ್ಟೆ ಒಗೆಯುವ ಕಡೆ ಬಿದ್ದಿದೆಯೋ, ಮೋರಿಗೆ ಚಪ್ಪಡಿಯಾಗಿದೆಯೋ ನೋಡಿ ಬರಲಿ. ಕಲ್ಲಿನಲ್ಲಿ ಇಲ್ಲದ್ದನ್ನು ಅಜ್ಜಿಯರನ್ನು ಕೇಳಿ ಬರೆಯಲಿ. ಥರ್ಮಾಕೋಲ್ ಬೇಕಿಲ್ಲ.

ತೀರ್ಪುಗಾರರಾಗಿ ನಿಮ್ಮನ್ನು ಕರೆದರೆ ಮೊದಲು ಅಂಕಪಟ್ಟಿ ತರಿಸಿಕೊಂಡು ಓದಿ. 'ಯಾರನ್ನು ಕೇಳಿ ಬರೆದೆ?' ಎಂಬ ಅಂಕಣ ಅದರಲ್ಲಿ ಇಲ್ಲದಿದ್ದರೆ, ಶಾಲು ಅಲ್ಲೇ ಬಿಟ್ಟು ಎದ್ದು ಬನ್ನಿ.